ಫಕೀರಪ್ಪನ ಮನೆಯ ಮೊದಲ ಬಣ್ಣ

ನಮ್ಮ ಊರಿನಲ್ಲಿ ಬೆಳಕು ಬಂದ ಮನೆಗೆ ಮೊದಲ ದಿನ ಯಾರೂ ಹೋಗುವುದಿಲ್ಲ. ನೀಲಿ ಇಳಿದು ಬಿಳುಪಿಗೆ ಬಂದ ಮೇಲೆ ಹಿರಿಯರು ಮಸಿ ಹಿಡಿಸಿದ ಗಾಜಿನ ಚೂರು ಕಣ್ಣಿಗಿಟ್ಟುಕೊಂಡು ಬಾಗಿಲಲ್ಲಿ ನಿಂತು ನೋಡಿ, ಮನೆಯವರ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಹಿಂದಿರುಗುತ್ತಾರೆ. ಹಳದಿಯ ಹೊತ್ತಿಗೆ ಶಾಲೆಯ ಮಕ್ಕಳು ಪುಸ್ತಕ ಹಿಡಿದು ಬರುತ್ತಾರೆ. ಮದುವೆಯ ಮಾತುಕತೆಗಳೂ ಹಳದಿಯಲ್ಲೇ ನಡೆಯಬೇಕು. ನೀಲಿಯಲ್ಲಿ ಎಲ್ಲರ ಮುಖವೂ ಸಿಟ್ಟಾದಂತೆ ಕಾಣುತ್ತದೆ, ಬೀಗರು ಎದ್ದು ಹೋಗುತ್ತಾರೆ. ಕೆಂಪು ಬಾಣಂತಿಯರದು. ಕೆಂಪೂ ಕರಗಿ ಕಣ್ಣಿಗೆ ಏನೂ ಕಾಣದಾದ ಮೇಲೆ ಉಳಿಯುವುದು ಬರೀ ಕಾವು. ಆಗ ಮೊಣಕಾಲು ಹಿಡಿದುಕೊಂಡ ಮುದುಕಿಯರು ಬರುತ್ತಾರೆ, ಹಪ್ಪಳ ಸಂಡಿಗೆಗಳ ತಟ್ಟೆಗಳು ಬರುತ್ತವೆ, ಇಡ್ಲಿಯ ಹಿಟ್ಟು ಬರುತ್ತದೆ, ಕೋಳಿಮೊಟ್ಟೆಯ ಬುಟ್ಟಿ ಬರುತ್ತದೆ. ಕಾವೂ ಆರಿದ ಮೇಲೆ ಇನ್ನೂ ಏನೋ ಒಂದು ಉಳಿದಿರುತ್ತದೆ. ಅದು ರೇಡಿಯೋಕ್ಕೆ ಮಾತ್ರ ಗೊತ್ತು. ಬೆಳಕು ಬಂದುಹೋದ ಜಾಗದ ಹತ್ತಿರ ಟ್ರಾನ್ಸಿಸ್ಟರ್ ಇಟ್ಟರೆ, ಕಾದ ಎಣ್ಣೆಗೆ ಸಾಸಿವೆ ಹಾಕಿದಂಥ ಸದ್ದು ವರ್ಷಗಟ್ಟಲೆ ಕೇಳುತ್ತಿರುತ್ತದೆ.

ಬೆಳಕು ಏರುವುದು ಒಂದೇ ಉಸಿರಿನಲ್ಲಿ, ಇಳಿಯುವುದು ಮಾತ್ರ ವಾರಗಟ್ಟಲೆ. ಕೆಲವು ಬೆಳಕುಗಳು ಇಳಿಯುತ್ತ ಇಳಿಯುತ್ತ ನಡುವೆ ಮತ್ತೊಮ್ಮೆ ಚಿಮ್ಮುತ್ತವೆ, ಆದರೆ ಎರಡನೆಯ ಸಲ ಮೊದಲಿನಷ್ಟು ನೀಲಿ ಇರುವುದಿಲ್ಲ. ಗಿಡ್ಡ ಬೆಳಕುಗಳೂ ಉಂಟು. ಅವುಗಳ ನೀಲಿ ಬಲು ಕಡು. ಆದರೆ ಕೊಡ ತುಂಬುವಷ್ಟರಲ್ಲಿ ಎಲ್ಲ ಮುಗಿದುಹೋಗಿರುತ್ತದೆ. ಗಿಡ್ಡ ಬೆಳಕು ಬಂದ ಮನೆಯವರನ್ನು ಓಣಿಯವರು ಸ್ವಲ್ಪ ದಿನ ಹೆಚ್ಚು ಪ್ರೀತಿಯಿಂದ ಮಾತಾಡಿಸುತ್ತಾರೆ.

ನೀಲಿಗೂ ಮೊದಲು ಒಂದು ಬಣ್ಣವಿದೆ. ಅದು ಗೋಡೆಗಳನ್ನು ದಾಟಿ ಬರುತ್ತದೆ. ಓಣಿಯಲ್ಲಿ ಇದ್ದವರಿಗೆಲ್ಲ ಆ ಕ್ಷಣ ನಾಲಿಗೆಯ ಮೇಲೆ ಹಿತ್ತಾಳೆಯ ರುಚಿ ಹತ್ತುತ್ತದೆ, ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತೇವೆ. ಅದು ಎಳೆತನದಿಂದಲೇ ಬಂದ ರೂಢಿ. ಆ ಮೊದಲ ಬಣ್ಣವನ್ನು ನೇರ ಕಂಡವರು, ಅಂದರೆ ಬೆಳಕು ಬರುವಾಗ ಮನೆಯೊಳಗೇ ಉಳಿದವರು, ಒಬ್ಬಿಬ್ಬರು ಇದ್ದರಂತೆ. ಅವರಿಗೆ ಆಮೇಲೆ ಮತ್ತೇನೂ ಕಾಣಲಿಲ್ಲ.

ನಾನು ಓದಲಿಕ್ಕೆ ಗುಡ್ಡದಾಚೆಯ ಶಹರಕ್ಕೆ ಹೋದೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಒಂದು ಪುಸ್ತಕದಲ್ಲಿ ಗಾಮಾ ಕಿರಣಗಳ ಸ್ಫೋಟದ ಬಗ್ಗೆ ಓದಿದೆ. ಎಷ್ಟೋ ಕೋಟಿ ವರ್ಷಗಳ ಹಿಂದೆ, ಯಾವುದೋ ದೂರದ ನಕ್ಷತ್ರ ಕುಸಿದಾಗ ಹೊರಟ ಬೆಳಕು. ಥಟ್ಟನೆ ಏರಿ ನಿಧಾನವಾಗಿ ಇಳಿಯುತ್ತದೆ, ಇಳಿಯುತ್ತ ಅದರ ಬಣ್ಣ ಮೆತ್ತಗಾಗುತ್ತದೆ: ಗಾಮಾ ಮುಗಿದು ಎಕ್ಸ್-ಕಿರಣ, ಆಮೇಲೆ ಕಣ್ಣಿಗೆ ಕಾಣುವ ಬೆಳಕು, ಕಡೆಗೆ ತಿಂಗಳುಗಟ್ಟಲೆ ರೇಡಿಯೋ ಅಲೆ. ಕೆಲವು ಸ್ಫೋಟಗಳಿಗೆ ಮುಂಚೆ ಒಂದು ಸಣ್ಣ ಮಿನುಗು ಬಂದು ಹೋಗುತ್ತದೆ, ನಡುವೆ ಏನೂ ಇಲ್ಲದ ಒಂದು ಅಂತರ, ಆ ಅಂತರ ಉದ್ದವಾದಷ್ಟೂ ಮುಂದಿನ ಬೆಳಕೂ ಉದ್ದ ಇರುವುದುಂಟು ಎಂದು ಬರೆದಿತ್ತು. ಪಕ್ಕದಲ್ಲಿ ಗ್ರಾಫ್ ಇತ್ತು. ಗ್ರಂಥಾಲಯದ ಬೆಂಚಿನಲ್ಲಿ ಕೂತು ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಎರಡು ಗುಡ್ಡೆಗಳ ನಡುವೆ ಅಡ್ಡಗೆರೆ ಚಪ್ಪಟೆಯಾಗಿ ಹರಿದಿತ್ತು. ನನಗೆ ಇಷ್ಟವಾದದ್ದು ಆ ಚಪ್ಪಟೆ ಭಾಗ. ಅಲ್ಲಿ ಬೆಳಕಿಗೆ ಕಾದು ಕೂತ ನಮ್ಮ ಓಣಿ ಇತ್ತು. ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ನನಗೆ ಮೊದಲಿನಿಂದಲೂ ಸುಲಭ.

ಓದು ಮುಗಿಸಿ ಊರಿಗೆ ಬಂದ ವರ್ಷ ನಮ್ಮ ಮನೆಗೇ ಬೆಳಕು ಬಂದಿತು. ನಡುಮನೆಯಲ್ಲಿ, ಟೇಲರ್ ಫಕೀರಪ್ಪನ ಮನೆಗೂ ನಮಗೂ ನಡುವಿನ ಗೋಡೆಯ ಬುಡಕ್ಕೆ. ದೊಡ್ಡ ಬೆಳಕೇನಲ್ಲ, ಮಧ್ಯಮದ್ದು. ನೀಲಿ, ಹಳದಿ ಎಲ್ಲ ಕ್ರಮವಾಗಿ ಮುಗಿದು, ಕೆಂಪೂ ಆರಿ, ಕಾವಿನ ಹೊತ್ತು ನಡೆದಿದ್ದಾಗ ಅಣ್ಣನ ಹೆಂಡತಿ, ನನ್ನ ವೈನಿ ಕಸ್ತೂರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಕೂಸು. ನನ್ನ ಅಣ್ಣನ ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ಶಹರದ ಆಸ್ಪತ್ರೆಯಲ್ಲಿ ಇಂಥ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಡುತ್ತಾರೆ ಎಂದು ಗೊತ್ತಿತ್ತು. ಆದರೆ ಗುಡ್ಡದ ದಾರಿಯ ಬಸ್ಸಿನ ಕುಲುಕಾಟ ಅದು ತಡೆಯುವಂತಿರಲಿಲ್ಲ.

"ಇಲ್ಲೇ ಇರಲಿ," ಎಂದಳು ಸೂಲಗಿತ್ತಿ ಹುಲಿಗೆವ್ವ. "ಗ್ವಾಡಿ ಬುಡಕ್ಕ ತೊಟ್ಟಲಾ ಕಟ್ರಿ. ಕಾವು ಐತಿ. ಆದ್ರ ಒಂದು ಮಾತು. ಕೂಸು ಇನ್ನಾ ಅತ್ತಿಲ್ಲ. ಉಸಿರು ಐತಿ, ದನಿ ಇಲ್ಲ. ಅಳಬೇಕು ಅದು. ಅತ್ತರ ಎದಿ ಅರಳತೈತಿ, ಉಳೀತೈತಿ. ಅಳಲಿಲ್ಲಂದ್ರ ನಾ ಏನೂ ಹೇಳೂದಿಲ್ಲ."

ವೈನಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಆ ದಿನ ಸಂಜೆಯೊಳಗೆ ಒಂದು ಸಂಗತಿ ನಡೆಯಿತು. ಯಾರೂ ಯಾರಿಗೂ ಹೇಳಿರಲಿಲ್ಲ. ಓಣಿಯವರು ಒಬ್ಬೊಬ್ಬರೇ ಬಂದು ತಮ್ಮ ತಟ್ಟೆ, ಬುಟ್ಟಿ, ಪಾತ್ರೆಗಳನ್ನು ಎತ್ತಿಕೊಂಡು ಹೋದರು. ಹಿಟ್ಟು ಹುಳಿ ಬರುವ ಮೊದಲೇ, ಮೊಟ್ಟೆಗಳು ಒಡೆಯಲಿಕ್ಕೆ ಇನ್ನೂ ಸ್ವಲ್ಪ ದಿನವಿದ್ದಾಗಲೇ. ಮೊಣಕಾಲಿನ ಮುದುಕಿಯರು ಬರುವುದನ್ನು ಬಿಟ್ಟರು. ಇರುವ ಕಾವೆಲ್ಲ ಕೂಸಿಗೇ ಸಿಗಲಿ ಎಂದು. ಕಾವು ಹಂಚಿದರೆ ಕಡಿಮೆಯಾಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಓದಿದ್ದರಿಂದ ನನಗೆ ಅನುಮಾನವಿತ್ತು. ಆದರೂ ನಾನು ಒಬ್ಬೊಬ್ಬರಿಗೂ ಬಾಗಿಲ ತನಕ ಹೋಗಿ ಕೈ ಮುಗಿದೆ.

ಈಗ ಫಕೀರಪ್ಪನ ಬಗ್ಗೆ ಹೇಳಬೇಕು. ಅವನು ನಮಗೆಲ್ಲ ಕಾಕಾ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ. ಓಣಿಯಲ್ಲಿ ಪ್ರತಿಯೊಂದು ಮನೆಗೂ ಒಮ್ಮೆಯಾದರೂ ಬೆಳಕು ಬಂದಿದೆ, ಅವನ ಮನೆಗೆ ಮಾತ್ರ ಬಂದಿರಲಿಲ್ಲ. ಅದನ್ನು ಅವನು ಯಾರೂ ಮರೆಯದಂತೆ ನೋಡಿಕೊಂಡಿದ್ದ. "ಬೆಳಕಿಗೂ ಗೊತ್ತೈತಿ ನೋಡು, ಈ ಮನ್ಯಾಗ ಚಾ ಸೈತ ಸಿಗೂದಿಲ್ಲ ಅಂತ," ಎನ್ನುತ್ತಿದ್ದ. ಕೆಲವು ವರ್ಷಗಳಿಂದ ಅವನ ಕಣ್ಣು ಮಂಜಾಗುತ್ತ ಬಂದಿತ್ತು. ಬಟ್ಟೆಯನ್ನು ಬೆರಳಿನ ಅಂದಾಜಿನಲ್ಲೇ ಕತ್ತರಿಸುವಷ್ಟು ಅನುಭವವಿತ್ತು, ಆದರೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನು ಹೋಗಿ ಪೋಣಿಸಿಕೊಟ್ಟು ಬರುತ್ತಿದ್ದೆ.

"ಬಂದ್ಲಪಾ ಬಿ.ಎಸ್ಸಿ. ಬಾ ದಾಕ್ಷಿ. ಗುಡ್ಡಾ ದಾಟಿ ಹೋಗಿ ಓದಿ ಬಂದಿದ್ದು ಇದಕ್ಕ ನೋಡು. ನಿಮ್ಮ ಮಾಸ್ತರಗ ಒಂದು ಕಾಗದಾ ಬರಿ, ನಾ ಇಲ್ಲಿ ದೊಡ್ಡ ಹುದ್ದಿ ಹಿಡದೀನಿ ಅಂತ."

"ಸುಮ್ಮನ ಕೂಡು ಕಾಕಾ. ಅಲಗಾಡಿದ್ರ ಸೂಜಿ ಚುಚ್ಚತೈತಿ."

"ಚುಚ್ಚಲಿ. ಸೂಜಿಯರ ನನ್ನ ಮುಟ್ಟತೈತಿ."

ಒಂದು ಬೆಳಿಗ್ಗೆ, ಕೂಸು ಹುಟ್ಟುವುದಕ್ಕೂ ಮೊದಲು, ಅವನು ನಗೆಚಾಟಿಕೆ ಬಿಟ್ಟು ಬೇರೆ ದನಿಯಲ್ಲಿ ಮಾತಾಡಿದ. ದಾರದ ತುದಿಯನ್ನು ನಾನು ನಾಲಿಗೆಗೆ ಹಚ್ಚಿ ಚೂಪು ಮಾಡುತ್ತಿದ್ದೆ.

"ದಾಕ್ಷಿ, ನನ್ನ ಮನಿಗೆ ಬೆಳಕು ಬಂದ್ರ ನಾ ಹೊರಗ ಹೋಗಾಂವಲ್ಲ."

"ಅಂದ್ರ?"

"ಒಳಗ ಇರತೀನಿ. ಆ ಮೊದಲನೇ ಬಣ್ಣ ನೋಡತೀನಿ. ಕಣ್ಣು ಹೆಂಗೂ ಹೊಂಟಾವ. ಇಷ್ಟೀಟು ಇಷ್ಟೀಟು ಹೋಗೂದಕ್ಕಿಂತ, ಯಾರೂ ನೋಡಲಾರದ್ದು ಒಂದು ನೋಡಿ ಒಮ್ಮೆಲೆ ಹೋಗ್ಲಿ. ಜೀವನಾ ಎಲ್ಲಾ ಬರೇ ಬಿಳಿ ದಾರ, ಕರಿ ದಾರ. ನೀ ಯಾರಿಗೂ ಹೇಳೂದಿಲ್ಲ ಅಂತ ನನಗ ಗೊತ್ತೈತಿ. ನೀ ಮಾತಾಡೂ ಪೈಕಿ ಅಲ್ಲ."

ನಾನು ಸೂಜಿ ಪೋಣಿಸಿ, ದಾರಕ್ಕೆ ಗಂಟು ಹಾಕಿ ಅವನ ಕೈಗೆ ಕೊಟ್ಟು ಮನೆಗೆ ಬಂದೆ. ಅವನ ಮನೆಗೆ ಬೆಳಕು ಬರುವುದೇ ಇಲ್ಲ ಎಂದು ಊರಿಗೆಲ್ಲ ಗೊತ್ತಿದ್ದ ಕಾಲ ಅದು. ಅದರ ಮೇಲೆ ಚಿಂತೆ ಮಾಡುವ ಅಗತ್ಯ ಕಾಣಲಿಲ್ಲ.

ಕೂಸು ಹುಟ್ಟಿದ ವಾರದಲ್ಲೇ ಅವನ ಹೊಲಿಗೆ ಯಂತ್ರದ ಮೇಲೆ ಮಿಟುಕು ಬಿತ್ತು.

ಮಿಟುಕು ಎಂದರೆ ದೊಡ್ಡ ಬೆಳಕಿಗೆ ಮುಂಚೆ ಬರುವ ಸಣ್ಣದು. ಕಣ್ಣು ರೆಪ್ಪೆ ಹೊಡೆದಷ್ಟು ಹೊತ್ತು. ಮಿಟುಕು ಬಿದ್ದ ಮನೆಯನ್ನು ಖಾಲಿ ಮಾಡಬೇಕು, ಒಲೆ ಆರಿಸಬೇಕು, ಬಾಗಿಲಿಗೆ ಹೊರಗಿನಿಂದ ಬೀಗ ಹಾಕಬೇಕು. ಆಮೇಲೆ ದೊಡ್ಡ ಬೆಳಕು ಬರುವ ತನಕ ಇಡೀ ಓಣಿ ಸುಮ್ಮನಿರಬೇಕು. ಸದ್ದಾದರೆ ಬೆಳಕು ಹೆದರಿ ಬೇರೆ ಕಡೆ ಹೋಗುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಸುಮ್ಮನಿರುವ ಹೊತ್ತು ಬೆಳೆದಷ್ಟೂ ಬೆಳಕು ಬಹಳ ದಿನ ನಿಲ್ಲುತ್ತದೆ ಎಂಬುದೂ ಉಂಟು. ಅದು ನಂಬಿಕೆಯಲ್ಲ, ಎಲ್ಲರೂ ಕಂಡದ್ದು.

ಓಣಿ ಸುಮ್ಮನಾಯಿತು. ಎತ್ತುಗಳ ಕೊರಳಗಂಟೆಗೆ ಅರಿವೆ ಸುತ್ತಿದರು. ಹೆಂಗಸರು ಬಳೆಗಳನ್ನು ಮೊಣಕೈ ತನಕ ಏರಿಸಿ ದಾರದಿಂದ ಕಟ್ಟಿಕೊಂಡರು. ಬಾಳೆಹಣ್ಣಿನವನು ಓಣಿಯ ತುದಿಯಲ್ಲಿ ನಿಂತು, ಕೂಗದೆ, ಒಂದು ಗೊನೆ ಮೇಲೆತ್ತಿ ತೋರಿಸುತ್ತಿದ್ದ. ಚೌಕಾಶಿ ಬೆರಳಿನಲ್ಲಿ ನಡೆಯುತ್ತಿತ್ತು. ನಳದ ಹತ್ತಿರ ಇಬ್ಬರು ಹೆಂಗಸರು ಪಾಳಿಯ ಬಗ್ಗೆ ಜಗಳವಾಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಇಬ್ಬರ ಕೈಗಳೂ ಗಾಳಿಯಲ್ಲಿ ಬೈದವು, ಒಬ್ಬಳು ಇನ್ನೊಬ್ಬಳ ತವರುಮನೆಯನ್ನು ತೋರುಬೆರಳಿನಿಂದ ದಿಕ್ಕು ಹಿಡಿದು ಬೈದಳು. ಕಡೆಗೆ ಇಬ್ಬರಿಗೂ ನಗು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟರು.

ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ಅವನ ಬೆಳಕಿಗೂ ನಮ್ಮ ತೊಟ್ಟಿಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಓಣಿಯವರೆಲ್ಲ ದಿನಾ ದೇವರಿಗೆ ಕೈ ಮುಗಿಯುವಾಗ ಆ ಕೂಸು ಅಳಲಿ ಎಂದು ಬೇಡಿಕೊಳ್ಳುತ್ತಿದ್ದರು, ಮತ್ತು ಈಗ, ಈ ಕೆಲವು ದಿನ ಮಾತ್ರ ಅದು ಅಳಬಾರದಾಗಿತ್ತು. ಬೀಗ ಹಾಕುವ ಮುಂಚೆ ಹಿರಿಯರು ಫಕೀರಪ್ಪನನ್ನು ಕರೆದು ಕೇಳಿದ್ದರು, ತೊಟ್ಟಿಲನ್ನು ಬೇರೆ ಕಡೆ ಒಯ್ಯಲು ಹೇಳೋಣವೇ ಎಂದು. ಅವನು ಅವರ ಕೈಗೆ ಬೀಗ ಕೊಡುತ್ತ ಹೇಳಿದ್ದು ನಮಗೂ ಕೇಳಿಸಿತ್ತು.

"ಕಾವು ಅಲ್ಲೆ ಐತಿ, ತೊಟ್ಟಲಾ ಎಲ್ಲಿ ಒಯ್ಯತೀರಿ? ನಿಮ್ಮ ತಲೀ ಮ್ಯಾಲ ಇಟಗೋತೀರೇನು? ಅತ್ತರ ಅಳಲಿ. ನನಗ ಬೆಳಕಿಲ್ಲದ ರೂಢಿ ಐತಿ."

ಹೀಗೆ ಹೇಳಿ, ಹಾಸಿಗೆಯ ಸುರುಳಿ ಹೆಗಲಿಗೆ ಹಾಕಿಕೊಂಡು ಎಲ್ಲರ ಎದುರು ಚಾವಡಿಗೆ ಮಲಗಲು ಹೋದ.

ದಿನಗಳು ಹೋದವು. ಸುಮ್ಮನಿರುವ ಹೊತ್ತು ಇಷ್ಟು ಬೆಳೆದದ್ದನ್ನು ಹುಲಿಗೆವ್ವನೂ ಕಂಡಿರಲಿಲ್ಲ. ನಮ್ಮ ಗೋಡೆಯ ಕಾವು ಇಳಿಯುತ್ತಿತ್ತು. ಬೆಳಿಗ್ಗೆ ಎದ್ದು ಅಂಗೈ ಇಟ್ಟು ನೋಡುತ್ತಿದ್ದೆ. ಹಿಂದಿನ ದಿನದ್ದಕ್ಕಿಂತ ಕಡಿಮೆ. ಮೊದಲು ರೊಟ್ಟಿ ಸುಟ್ಟ ಹಂಚಿನ ಹಾಗೆ ಇದ್ದದ್ದು, ಆಮೇಲೆ ನಿದ್ದೆ ಮಾಡುವ ದನದ ಮೈಯ ಹಾಗೆ, ಆಮೇಲೆ ಯಾರೋ ಈಗತಾನೆ ಎದ್ದುಹೋದ ಹಾಸಿಗೆಯ ಹಾಗೆ. ಕೂಸು ಹತ್ತಿಯ ಬತ್ತಿಯಿಂದ ಹಾಲು ಚೀಪುತ್ತಿತ್ತು, ಉಸಿರಾಡುತ್ತಿತ್ತು, ಅಳಲು ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ವೈನಿ ರಾತ್ರಿ ಹಗಲು ಅದರ ತುಟಿಯನ್ನೇ ನೋಡುತ್ತಿದ್ದಳು. ನಾವಿಬ್ಬರೂ ತೊಟ್ಟಿಲಿನ ಎರಡು ಬದಿಗೆ ಕೂತು ಒಂದು ಮಾತೂ ಆಡದೆ ಹೊತ್ತು ಕಳೆಯುತ್ತಿದ್ದೆವು.

ಒಂದು ಮಧ್ಯಾಹ್ನ ಗೋಡೆಗೆ ತಲೆ ಆನಿಸಿ ಕೂತಿದ್ದಾಗ ನನಗೆ ಒಂದು ಸದ್ದು ಕೇಳಿತು. ಬಹಳ ಮೆಲ್ಲಗೆ. ಕಿರ್, ನಿಂತು, ಕಿರ್. ವರ್ಷಗಟ್ಟಲೆ ಕೇಳಿದ ಸದ್ದು ಅದು: ಹೊಲಿಗೆ ಯಂತ್ರದ ಕಾಲುಹಲಗೆ. ದಾರವಿಲ್ಲದ ಖಾಲಿ ಯಂತ್ರವನ್ನು ಯಾರೋ ಕಾಲಿನಿಂದ ಮೆಲ್ಲಗೆ ತೂಗುತ್ತಿದ್ದರು.

ಹಿತ್ತಿಲಿಗೆ ಹೋದೆ. ಎರಡೂ ಹಿತ್ತಿಲುಗಳ ನಡುವೆ ಸೊಂಟದೆತ್ತರದ ಮೋಟುಗೋಡೆ. ಫಕೀರಪ್ಪನ ಹಿಂಬಾಗಿಲು ಸ್ವಲ್ಪ ತೆರೆದಿತ್ತು, ಅದರ ಸಂದಿಯಲ್ಲಿ ಅವನು ನಿಂತಿದ್ದ. ಕೊರಳಲ್ಲಿ ಅಳತೆಪಟ್ಟಿ. ಚಾವಡಿಯಿಂದ ಯಾವಾಗ ನುಸುಳಿ ಬಂದಿದ್ದನೋ. ನಾನು ಎರಡೂ ಕೈಗಳಿಂದ ಹೊರಗೆ ಬಾ ಎಂದು ಕರೆದೆ. ಅವನು ತಲೆಯಾಡಿಸಿದ. ನನ್ನ ಕಣ್ಣಿಗೆ ಬೆರಳು ತೋರಿಸಿ, ಮನೆಯೊಳಗೆ ತೋರಿಸಿ, ಬೇಡ ಬೇಡ ಎಂದು ಕೈ ಮುಗಿದೆ. ಅವನು ತನ್ನ ಎರಡು ಕಣ್ಣುಗಳನ್ನು ಮುಟ್ಟಿ, ಅಂಗಳದ ಕಾಳು ತಿನ್ನುವ ಗುಬ್ಬಿಗಳನ್ನು ಓಡಿಸುವ ಹಾಗೆ ಕೈ ಬೀಸಿದ. ಹೋಗಲಿ ಬಿಡು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಸಣ್ಣಗೆ ನಕ್ಕು, ಬಾಗಿಲು ಮುಚ್ಚಿಕೊಂಡ.

ನಾನು ಮೌನವನ್ನು ಇಷ್ಟಪಟ್ಟವಳು. ಶಹರದಲ್ಲಿ ಇದ್ದಾಗ ನೆನಪಾಗುತ್ತಿದ್ದದ್ದು ಓಣಿಯ ಈ ಸುಮ್ಮನಿರುವ ದಿನಗಳೇ. ಅವತ್ತು ಅದೇ ಮೌನ ನನ್ನ ಎದೆಯ ಮೇಲೆ ಕೂತಿತು. ಚಾವಡಿಗೆ ಓಡಿ ಹೇಳಿಬಿಡಬಹುದಿತ್ತು. ಹಿರಿಯರು ಬಂದು ಬೀಗ ತೆಗೆದು ಅವನನ್ನು ಎಳೆದು ತರುತ್ತಿದ್ದರು. ಗದ್ದಲವಾಗುತ್ತಿತ್ತು, ಬೆಳಕು ಹೋಯಿತು ಎನ್ನುತ್ತಿದ್ದರು. ಜೀವಮಾನವೆಲ್ಲ ಕಾದವನಿಗೆ ಅದೂ ಇಲ್ಲ ಎಂದಾಗುತ್ತಿತ್ತು. ಹೇಳದಿದ್ದರೆ ಅವನ ಕಣ್ಣು. ಕಣ್ಣು ಅವನದು, ಆಸೆಯೂ ಅವನದು, ನಡುವೆ ನಾನು ಯಾರು ಎಂದುಕೊಂಡೆ. ಮರುಕ್ಷಣ, ದಿನಾ ಅವನ ಸೂಜಿ ಪೋಣಿಸಿದವಳು ನಾನಲ್ಲದೆ ಮತ್ತಾರು ಎಂದೂ ಅನಿಸಿತು. ಹೀಗೆ ಯೋಚಿಸುತ್ತ ಹಿತ್ತಿಲಿನಿಂದ ನಡುಮನೆಗೆ, ನಡುಮನೆಯಿಂದ ಹಿತ್ತಿಲಿಗೆ ತಿರುಗಿದೆ. ವೈನಿ ನನ್ನ ಮುಖ ನೋಡಿ ಏನು ಎಂದು ಹುಬ್ಬು ಏರಿಸಿದಳು. ಏನಿಲ್ಲ ಎಂದು ತಲೆಯಾಡಿಸಿದೆ. ಅವಳ ಮುಂದೆ ಇದ್ದ ಭಾರವೇ ಸಾಕಾಗಿತ್ತು.

ಬಿಸಿಲು ಇಳಿಮುಖವಾಗಿತ್ತು. ಹುಲಿಗೆವ್ವ ಬಂದು ಗೋಡೆಯನ್ನು ಮುಟ್ಟಿ ನೋಡಿದಳು, ಮುಖ ಸಣ್ಣದು ಮಾಡಿದಳು. ಕೂಸನ್ನು ತೊಟ್ಟಿಲಿನಿಂದ ಎತ್ತಿ ತನ್ನ ಬರಿ ಎದೆಗೆ ಒತ್ತಿ ಹಿಡಿದು ಸೆರಗು ಸುತ್ತಿದಳು. ಅಣ್ಣ ಬಾಗಿಲ ಹತ್ತಿರ ಕೂತು ಹೊಸ್ತಿಲನ್ನು ಉಗುರಿನಿಂದ ಕೆರೆಯುತ್ತಿದ್ದ. ಅಂದು ಸಂಜೆ ಕೂಸು ಅಳದಿದ್ದರೆ ಮತ್ತೆ ಅಳುವುದಿಲ್ಲ ಎಂದು ಅವಳು ಹೇಳಲಿಲ್ಲ. ಆದರೆ ಆ ಮನೆಯಲ್ಲಿ ನಿಂತವರಿಗೆಲ್ಲ ಅದು ಅವಳ ಕೈಯಲ್ಲಿ ಕಂಡಿತು; ಅವಳು ಕೂಸಿನ ಬೆನ್ನನ್ನು ಅಷ್ಟು ಬಿರುಸಾಗಿ ತಿಕ್ಕುತ್ತಿದ್ದಳು.

ಆಗ ಒಂದು ಸದ್ದು ಬಂತು. ನನಗೆ ಮೊದಲು ಕಾಲುಹಲಗೆಯ ಕಿರ್ ಎಂದೇ ಅನಿಸಿತು. ಅಷ್ಟು ತೆಳ್ಳಗಿತ್ತು. ಸಂತೆಯ ದಿನವಾಗಿದ್ದರೆ, ಸಾದಾ ದಿನವಾಗಿದ್ದರೂ, ತಾಯಿಯ ಕಿವಿಗೂ ಬೀಳುತ್ತಿರಲಿಲ್ಲ. ಬಾವಿಗೆ ಬಿದ್ದ ಬೆಕ್ಕಿನ ಮರಿ ಬಹಳ ಆಳದಿಂದ ಕೂಗಿದ ಹಾಗೆ. ಹುಲಿಗೆವ್ವ ತಿಕ್ಕುವುದನ್ನು ನಿಲ್ಲಿಸಿದಳು. ಮತ್ತೊಮ್ಮೆ ಬಂತು, ಸ್ವಲ್ಪ ದೊಡ್ಡದಾಗಿ, ಕೊನೆಯಲ್ಲಿ ಸಿಟ್ಟಿನಿಂದ ಸೀಳಿಕೊಂಡು.

ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಯಾರೂ ಉಸಿರು ಬಿಡದ ಆ ಹೊತ್ತಿನಲ್ಲಿ ಕಟ್ಟೆಗಳ ಮೇಲೆ ಕೂತವರು, ನಳದ ಹತ್ತಿರ ನಿಂತವರು, ಕಿಟಕಿಯಲ್ಲಿದ್ದವರು ನಮ್ಮ ಮನೆಯ ಕಡೆ ತಿರುಗಿದರು. ವೈನಿಯ ಕೈ ತಾನಾಗಿ ಕೂಸಿನ ಬಾಯಿಯ ಕಡೆ ಹೋಯಿತು, ಮುಟ್ಟದೆ ನಡುದಾರಿಯಲ್ಲಿ ನಿಂತಿತು. ಹುಲಿಗೆವ್ವ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಅಷ್ಟು ದಿನಗಳ ನಂತರ ಓಣಿಯಲ್ಲಿ ಹುಟ್ಟಿದ ಮೊದಲ ಮಾತು ಅವಳದು.

"ಅಳಲಿ ಬಿಡವಾ. ಬೆಳಕು ನಾಳೆ ಬ್ಯಾರೆ ಬಂದೀತು."

ಕೂಸು ಅತ್ತಿತು. ಕೆಂಪಗಾಗಿ, ಮುಷ್ಟಿ ಹಿಡಿದು, ಕಾಲು ಒದ್ದು ಅತ್ತಿತು. ವೈನಿ ಹುಲಿಗೆವ್ವನ ಹೆಗಲಿಗೆ ಮುಖ ಒತ್ತಿ ತಾನೂ ಅತ್ತಳು. ಅಣ್ಣ ಎದ್ದು ನಿಂತ, ಎಲ್ಲಿಗೆ ಹೋಗುವುದೆಂದು ತೋಚದೆ ಮತ್ತೆ ಕೂತ.

ಹಿತ್ತಿಲಿನಲ್ಲಿ ಧಡ್ ಎಂದು ಸದ್ದಾಯಿತು. ಮೋಟುಗೋಡೆ ಹತ್ತಿ ಇಳಿಯುವಾಗ ಫಕೀರಪ್ಪ ನಮ್ಮ ನೀರಿನ ಬಾನಿಯ ಮೇಲೆ ಬಿದ್ದಿದ್ದ. ಅರ್ಧ ಮೈ ಒದ್ದೆಯಾಗಿ, ಅಳತೆಪಟ್ಟಿ ಬೆನ್ನಿಗೆ ಜೋತುಬಿದ್ದು, ಕುಂಟುತ್ತ ಒಳಗೆ ಬಂದ. ಚಾವಡಿಯಲ್ಲಿ ಇರಬೇಕಾದವನು ಆ ಕಡೆಯಿಂದ ಬಂದದ್ದನ್ನು ಕಂಡು ಹುಲಿಗೆವ್ವನ ಕಣ್ಣು ದೊಡ್ಡದಾಯಿತು.

"ಲೇ ಫಕೀರಾ! ನೀ ಒಳಗಿದ್ದೇನ?"

"ಅದು ಆಮ್ಯಾಲೆ ಬೈಯಿ. ಅತ್ತಿತೇನು? ಇದ ಅತ್ತಿದ್ದೇನು?"

"ಹೂಂ, ಕಾಕಾ," ಎಂದಳು ವೈನಿ. ಮೂಗು ಒರೆಸಿಕೊಂಡಳು. "ನಿಮ್ಮ ಬೆಳಕು..."

"ಬೆಳಕಿನ ಮಾರಿಗಿ ಬೆಂಕಿ ಹಚ್ಚು. ತಾ ಇಲ್ಲೆ."

"ಕೈ ಒರೆಸ್ಕೋ ಮೊದಲ," ಎಂದು ಹುಲಿಗೆವ್ವ ಅವನಿಗೆ ಒಂದು ಒಣ ಅರಿವೆ ಎಸೆದಳು.

ಅವನು ಕೈ ಒರೆಸಿಕೊಂಡು ಕೂಸನ್ನು ತೆಗೆದುಕೊಂಡ. ಬೆನ್ನನ್ನು ತನ್ನ ಮನೆಯ ಗೋಡೆಗೆ ಮಾಡಿ ನಿಂತು, ಕಣ್ಣಿಗೆ ಬಹಳ ಹತ್ತಿರ ಹಿಡಿದು, ಸೂಜಿಯ ಕಣ್ಣನ್ನು ಹುಡುಕುವ ಹಾಗೆ ಅದರ ಮುಖವನ್ನು ನೋಡಿದ. "ಏನ್ ಗದ್ಲಾ ಮಾಡತೀಯ ಲೇ. ಹೆಸರಿಡೂಕಿಂತ ಮೊದಲ ಒಬ್ಬಾಂವನ ಬೆಳಕು ಓಡಿಸಿದಿ. ಗದ್ಲವ್ವ! ಏನ್ ನಿನ್ನ ಹೆಸರು? ಗದ್ಲವ್ವ ಏನು?"

ನನ್ನ ನಾಲಿಗೆಯ ಮೇಲೆ ಹಿತ್ತಾಳೆ ಹತ್ತಿತು.

ಕಣ್ಣು ಮುಚ್ಚಿಕೊಂಡೆ. ಎಲ್ಲರೂ ಮುಚ್ಚಿಕೊಂಡೆವು, ಕೂಸು ಅಳುವುದರಲ್ಲಿ ಮೊದಲೇ ಮುಚ್ಚಿತ್ತು. ಹಲ್ಲುಗಳ ಬೇರು ಜುಮ್ಮೆಂದಿತು, ಮೈಮೇಲಿನ ಕೂದಲು ನಿಂತಿತು. ಆಮೇಲೆ ಮುಚ್ಚಿದ ರೆಪ್ಪೆಗಳ ಮೇಲೆಯೂ ತಿಳಿಯುವಂಥ ನೀಲಿ, ಫಕೀರಪ್ಪನ ಮನೆಯ ಹಂಚುಗಳ ಸಂದಿಯಿಂದ, ಕಿಟಕಿಯ ಬಿರುಕಿನಿಂದ, ಬೀಗದ ತೂತಿನಿಂದ ಓಣಿಗೆ ನುಗ್ಗಿತು. ಹೊರಗೆ ಯಾರೋ "ಬಂತ್ರೋ!" ಎಂದು ಕೂಗಿದರು. ಅಷ್ಟು ದಿನ ಕಟ್ಟಿಟ್ಟ ಮಾತೆಲ್ಲ ಒಮ್ಮೆಲೆ ಬಿಚ್ಚಿಕೊಂಡಿತು. ಎತ್ತುಗಳು ಕೂಗಿದವು, ಬಾಳೆಹಣ್ಣಿನವನು ಓಣಿಯ ತುದಿಯಿಂದ "ಬಾಳೀಹಣ್ಣ್" ಎಂದು ಗಂಟಲು ಹರಿಯುವಂತೆ ಕೂಗಿದ.

ಕಣ್ಣು ತೆರೆದಾಗ ಫಕೀರಪ್ಪ ಇದ್ದಲ್ಲಿಯೇ ನಿಂತಿದ್ದ. ಕೂಸಿನ ಮುಖವನ್ನು ನೋಡುತ್ತಿದ್ದ. ಅವನು ಕಣ್ಣು ಮುಚ್ಚಿಯೇ ಇರಲಿಲ್ಲ.

"ಕಾಕಾ! ಕಾಣತೈತೇನು?" ನಾನು ಕೂಗಿಯೇಬಿಟ್ಟೆ. ನಾನು ಕೂಗಿದ್ದನ್ನು ಓಣಿಯವರು ಆಮೇಲೆ ಬಹಳ ದಿನ ಆಡಿಕೊಂಡರು.

"ಯಾಕ ಕಾಣೂದಿಲ್ಲ? ಮೊದಲ ಎಷ್ಟು ಕಾಣತಿತ್ತೋ ಅಷ್ಟ ಕಾಣತೈತಿ. ನಿನ್ನ ಮೂಗು ಇನ್ನಾ ಅಲ್ಲೇ ಐತಿ." ಅವನು ಕೂಸನ್ನು ವೈನಿಯ ಮಡಿಲಿಗೆ ಇಟ್ಟು, ಗೋಡೆಗೆ ಕೈ ಆನಿಸಿ ಮೆಲ್ಲಗೆ ಕೆಳಗೆ ಕೂತ. ನನಗೆ ಮಾತ್ರ ಕೇಳುವಂತೆ ಹೇಳಿದ. "ಇದರ ಹಣೀ ಮ್ಯಾಲ ಬಿತ್ತು ದಾಕ್ಷಿ. ಒಂದು ಚೂರು. ನಾ ನೋಡಿದೆ."

"ಹೆಂಗಿತ್ತು?"

ಅವನು ಬೆರಳುಗಳನ್ನು ಬಟ್ಟೆಯ ನೂಲು ಪರೀಕ್ಷಿಸುವ ಹಾಗೆ ಉಜ್ಜಿದ. "ಅದಕ್ಕ ದಾರ ಸಿಗೂದಿಲ್ಲ," ಎಂದ.

ಅವನು ನಿಜ ಹೇಳಿದನೋ, ತನಗೂ ನನಗೂ ಸಮಾಧಾನಕ್ಕೆ ಹೇಳಿದನೋ, ನಾನು ಕೇಳಲು ಹೋಗಲಿಲ್ಲ. ಗೋಡೆಯಾಚೆ ಅವನು ಕೂತಿದ್ದ ಜಾಗದಲ್ಲಿ ಹೊಲಿಗೆ ಯಂತ್ರದ ಕಬ್ಬಿಣದ ಮೇಲಿನ ಬಣ್ಣವೆಲ್ಲ ಸುಟ್ಟು ಬೂದಿಯಾಗಿತ್ತು. ಅದನ್ನು ನಾವು ಬಿಳುಪಿನ ಹೊತ್ತಿಗೆ ಮಸಿಗಾಜು ಹಿಡಿದು ಹೋದಾಗ ನೋಡಿದೆವು. ತೆಂಗಿನಕಾಯಿ ಕೊಟ್ಟ ಹಿರಿಯರು ಅದನ್ನು ನೋಡಿ ಅವನ ಮುಖ ನೋಡಿದರು.

ಆ ಬೆಳಕು ನಿಂತಷ್ಟು ದಿನ ಯಾವ ಬೆಳಕೂ ನಿಂತಿದ್ದಿಲ್ಲ. ನಡುವೆ ಎರಡು ಸಲ ಮತ್ತೆ ಚಿಮ್ಮಿತು, ಮೆತ್ತಗಿನ ನೀಲಿಯಲ್ಲಿ. ನಮ್ಮ ಗೋಡೆಯ ಕಾವು ಪೂರ್ತಿ ಆರುವ ಮೊದಲೇ ಆ ಕಡೆಯ ಬಿಸಿ ಗೋಡೆಗೆ ಹತ್ತಿತು. ಕೆಂಪಿನ ಹೊತ್ತಿಗೆ ತೊಟ್ಟಿಲನ್ನೇ ಫಕೀರಪ್ಪನ ಮನೆಗೆ ಒಯ್ದೆವು. ಬೆಳಕು ಬಂದರೆ ಬಾಗಿಲು ಮುಚ್ಚಿಕೊಂಡು ಒಬ್ಬನೇ ನೋಡುತ್ತೇನೆ ಎಂದಿದ್ದವನು ಊರ ಬಾಣಂತಿಯರಿಗೆಲ್ಲ ಚಾಪೆ ಹಾಸಿಕೊಟ್ಟು, "ಇದೇನು ಮನೀನೋ ದವಾಖಾನೀನೋ," ಎಂದು ಗೊಣಗುತ್ತ ಕಟ್ಟೆಯ ಮೇಲೆ ಕೂತು ಕೂಸುಗಳಿಗೆ ತೊಡಿಸುವ ಝಬಲ ಹೊಲಿದ. ಸೂಜಿ ನಾನು ಪೋಣಿಸಿಕೊಟ್ಟೆ. ನನ್ನ ಅಣ್ಣನ ಅಂಗೈಯಷ್ಟಿದ್ದ ಕೂಸು ಆ ಕೆಂಪಿನಲ್ಲಿ ಮೈ ತುಂಬಿಕೊಂಡಿತು, ಕಾವಿನಲ್ಲಿ ಕುತ್ತಿಗೆ ನಿಲ್ಲಿಸಿತು. ನಾಮಕರಣದಲ್ಲಿ ಸಾವಂತ್ರಿ ಎಂದು ಹೆಸರಿಟ್ಟರು. ಓಣಿಯಲ್ಲಿ ಅದನ್ನು ಗದ್ಲವ್ವ ಎಂದೇ ಕರೆಯುತ್ತಾರೆ.

ಸದ್ದಾದರೆ ಬೆಳಕು ಓಡಿಹೋಗುತ್ತದೆ ಎಂಬ ನಂಬಿಕೆಯನ್ನು ಓಣಿಯವರು ಬಿಟ್ಟಿಲ್ಲ. ಕೂಸಿನ ಅಳು ಸದ್ದಿನ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತಾರೆ, ಅಷ್ಟೆ. ನನಗೂ ಅವರು ಅದನ್ನು ಬಿಡುವುದು ಬೇಡ. ಅವರೆಲ್ಲರೂ ಬಳೆ ಕಟ್ಟಿಕೊಂಡು, ಗಂಟೆಗೆ ಅರಿವೆ ಸುತ್ತಿ, ಒಬ್ಬ ಮುಂಗೋಪಿ ಟೇಲರನಿಗಾಗಿ ಅಷ್ಟು ದಿನ ಬಾಯಿ ಮುಚ್ಚಿಕೊಂಡಿರದಿದ್ದರೆ ಆ ದನಿ ಗೋಡೆ ದಾಟಿ ಅವನ ಕಿವಿಗೆ ಹೋಗುತ್ತಿರಲಿಲ್ಲ. ಇದನ್ನು ನಾನು ಎಷ್ಟೋ ಸಲ ಒಬ್ಬಳೇ ಕೂತು ಯೋಚಿಸಿದ್ದೇನೆ. ಯಾರಿಗೆ ಕೈ ಮುಗಿಯಬೇಕು ಎಂದು ಗೊತ್ತಾಗದೆ, ನಳಕ್ಕೆ ಹೋದಾಗ ಎದುರಿಗೆ ಸಿಕ್ಕವರ ಕೊಡ ಎತ್ತಿಕೊಡುತ್ತೇನೆ.

ಈಗ ಫಕೀರಪ್ಪನಿಗೆ ಏನೂ ಕಾಣುವುದಿಲ್ಲ. ಹೋಗುವ ಕಣ್ಣು ಅದರ ಪಾಡಿಗೆ ಹೋಯಿತು. ಅವನ ಮನೆಯ ಬೆಳಕೂ ಈಗ ಯಾರಿಗೂ ಕಾಣುವುದಿಲ್ಲ, ಕಾವೂ ಇಲ್ಲ. ಹೊಲಿಗೆ ಯಂತ್ರವಿದ್ದ ಜಾಗದಲ್ಲಿ ಒಂದು ಸ್ಟೂಲಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡಿದ್ದಾನೆ. ಯಾವ ಸ್ಟೇಷನ್ನಿಗೂ ಹಚ್ಚುವುದಿಲ್ಲ. ನಿನ್ನೆ ಮಧ್ಯಾಹ್ನ ನಾನು ಹೋದಾಗ ಗದ್ಲವ್ವ ಅವನ ಮಡಿಲಲ್ಲಿ ಕೂತು ಶಾಲೆಯ ಕಥೆ ಹೇಳುತ್ತಿದ್ದಳು. ಯಾರು ಯಾರ ಪಾಟಿ ಒಡೆದರು, ಯಾರಿಗೆ ಅಕ್ಕೋರು ಬೈದರು, ಉಸಿರು ತೆಗೆದುಕೊಳ್ಳದೆ.

"ನಿನ್ನ ಬಾಯಿಗೆ ಒಂದು ಗುಂಡಿ ಹೊಲಿಬೇಕು ನೋಡು," ಎಂದ ಅವನು. "ಸ್ವಲ್ಪ ಸುಮ್ಮನ ಕೂಡು. ಕೇಳು."

"ಏನ್ ಕೇಳೂದು ಅಜ್ಜಾ?"

"ಇದನ್ನ."

ಅವಳು ಬಾಯಿ ಮುಚ್ಚಿಕೊಂಡಳು. ಎರಡೂ ಕೈ ಮೇಲೆ ಇಟ್ಟು ಮುಚ್ಚಿಕೊಂಡಳು, ಇಲ್ಲದಿದ್ದರೆ ಅದು ತೆರೆದುಕೊಳ್ಳುತ್ತದೆ ಎಂದು ಅವಳಿಗೂ ಗೊತ್ತು. ನಾನು ಹೊಸ್ತಿಲ ಮೇಲೆ ಕೂತೆ. ಟ್ರಾನ್ಸಿಸ್ಟರಿನಿಂದ, ಎಲ್ಲೋ ದೂರದ ಅಡುಗೆಮನೆಯಲ್ಲಿ ಯಾರೋ ಒಗ್ಗರಣೆ ಹಾಕುತ್ತಿರುವ ಹಾಗೆ, ಸಣ್ಣಗೆ ಬರುತ್ತಿತ್ತು.

"ಇನ್ನಾ ಐತಿ," ಎಂದಳು ಗದ್ಲವ್ವ, ಬೆರಳುಗಳ ಸಂದಿಯಿಂದ.

"ಐತಿ," ಎಂದ ಫಕೀರಪ್ಪ.

ಅವನ ಕೈ ಅವಳ ಹಣೆಯ ಮೇಲಿತ್ತು.